ಬಾವಲಿ ಎಂಜಲಿನ ಗುಡ್ಡ

ಒಂದಾನೊಂದು ಊರಿತ್ತಂತೆ. ಊರಿನ ಹೆಸರು ಇಪ್ಪೆಹಟ್ಟಿ. ಊರ ಬೆನ್ನಿಗೊಂದು ಗುಡ್ಡ, ಗುಡ್ಡದ ತುಂಬ ಇಪ್ಪೆ ಮರ. ಇಪ್ಪೆ ಹೂ ಬಿಟ್ಟಿತು ಅಂದರೆ ಊರಿಗೆ ಊರೇ ಘಮ್ ಅನ್ನುತ್ತಿತ್ತಂತೆ. ಬೀಜ ಆಯ್ದು ತಂದು ಗಾಣಕ್ಕೆ ಹಾಕಿದರೆ ಎಣ್ಣೆ. ಆ ಎಣ್ಣೆಯಲ್ಲಿ ಮನೆಮನೆಗೂ ದೀಪ, ಅರಮನೆಗೂ ಅದೇ ದೀಪ. ಗುಡ್ಡದ ಬುಡದಲ್ಲೊಂದು ಚಿಲುಮೆ, ಎಂಥ ಬೇಸಿಗೆಗೂ ಬತ್ತಿದ್ದಿಲ್ಲ. ಇಷ್ಟಿದ್ದ ಮೇಲೆ ಮನುಷ್ಯನಿಗೆ ಇನ್ನೇನು ಬೇಕು ಹೇಳಿ!

ಆ ಊರಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಗಾಣದ ಮಾದಯ್ಯನ ಹೆಂಡತಿ. ಒಳ್ಳೆಯವಳು, ಬಂದವರಿಗೆ ಕೈತುಂಬ ನೀಡುವವಳು. ಆದರೆ ಒಂದೇ ಒಂದು ಹುಚ್ಚು ಅವಳಿಗೆ, ಎಂಜಲು ಅಂದರೆ ಆಗುತ್ತಿರಲಿಲ್ಲ. ಕಾಗೆ ಬಂದು ಕೊಡದ ಕಡೆ ಸುಮ್ಮನೆ ಇಣುಕಿದರೂ ಕೊಡ ತೊಳೆಯುತ್ತಿದ್ದಳಂತೆ. ಗಂಡ ನೀರು ಕುಡಿಯುವಾಗ ಚೊಂಬು ತುಟಿಗೆ ತಗುಲಿದರೆ ಚೊಂಬನ್ನೂ ತೊಳೆಸಿ, ಗಂಡನ ತುಟಿಯನ್ನೂ ತೊಳೆಸುತ್ತಿದ್ದಳಂತೆ. ಪಾಪ ಮಾದಯ್ಯ!

ಅಂಥವಳ ಮನೆ ಮುಂದೆಯೇ ಇರಬೇಕೇ ಆ ಬಸರಿ ಮರ? ಮರದ ತುಂಬ ತೊಗಲುಬಾವಲಿಗಳು. ಹಗಲೆಲ್ಲ ತಲೆಕೆಳಗಾಗಿ ನೇತಾಡೋದು, ಹೊತ್ತು ಮುಳುಗಿತು ಅಂದರೆ ಹಾರಿಹೋಗಿ ಹಣ್ಣು ಕಚ್ಚಿ ತಂದು, ಅಲ್ಲೇ ಕೂತು ಜಗಿದು, ರಸ ಹೀರಿ, ಸಿಪ್ಪೆ ಬೀಜವನ್ನೆಲ್ಲ ಥೂ ಅಂತ ಉಗಿಯೋದು. ಬೆಳಗಾದರೆ ಅಂಗಳದ ತುಂಬ ಬಾವಲಿ ಎಂಜಲು! ಕೆಂಪಾಜಮ್ಮ ಸೆರಗು ಬಿಗಿದು ಪೊರಕೆ ಹಿಡಿದು ಸರಸರ ಗುಡಿಸಿ, ಸಗಣಿ ಸಾರಿಸಿ, ಮೇಲೆ ನೋಡಿ ಬೈಯುತ್ತಿದ್ದಳು. ಬಾವಲಿಗಳು ಕಣ್ಣು ಪಿಳಿಪಿಳಿ ಬಿಟ್ಟು ಕೇಳಿಸಿಕೊಂಡು ನಿದ್ದೆ ಹೋಗುತ್ತಿದ್ದವಂತೆ.

ಹೀಗಿರುವಾಗ ಒಂದು ಸಲ ರಾಜ ಬೇಟೆಗೆ ಬಂದ. ಗುಡ್ಡ ಸುತ್ತಿ ಹಸಿದು ಬಂದವನಿಗೆ ಬಸರಿ ಮರದ ಕೆಳಗೇ ಎಲೆ ಹಾಕಿದರು. ಪೇಟ ತೆಗೆದು ಪಕ್ಕಕ್ಕಿಟ್ಟು ರಾಜ ಊಟಕ್ಕೆ ಕೂತ. ಹೊತ್ತು ಮುಳುಗುತ್ತಾ ಇತ್ತು, ಬಾವಲಿಗಳು ಎದ್ದಿದ್ದವು. ಕೆಂಪಾಜಮ್ಮ ತುಪ್ಪ ಬಡಿಸಲು ಬಗ್ಗಿದ್ದಳು ನೋಡಿ, ಅಷ್ಟರಲ್ಲಿ ಮೇಲಿಂದ ಪಚಕ್! ಜಗಿದ ಹಣ್ಣಿನ ಸಿಪ್ಪೆ ಬಂದು ಸರಿಯಾಗಿ ರಾಜನ ಬೋಳುತಲೆಯ ಮೇಲೆ ಕೂತಿತು!

ಎಲ್ಲರ ಉಸಿರೂ ನಿಂತಿತು. ರಾಜ ತಲೆ ಮುಟ್ಟಿ, ಬೆರಳು ನೋಡಿ, "ಏನಿದು?" ಅಂದ.

ಯಾರಾದರೂ ಹೂವು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಂಪಾಜಮ್ಮನ ಬಾಯಿ ಸುಮ್ಮನಿರಬೇಕಲ್ಲ! "ಬಾವಲಿ ಎಂಜಲು, ಬುದ್ಧಿ! ದಿನಾ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಯ್ತು. ಇವು ತೊಲಗಿದ್ರೆ ಊರು ಶುದ್ಧ ಆಯ್ತದೆ!" ಅಂದುಬಿಟ್ಟಳು.

"ನನ್ನ ತಲೆ ಮೇಲೆ ಎಂಜಲಾ?" ರಾಜ ಎಲೆ ಬಿಟ್ಟು ಎದ್ದ. "ಬಾವಲಿ ಕೂರೋ ಮರ ಒಂದೂ ಉಳೀಕೂಡದು. ಕಡೀರಿ!"

ಬಾವಲಿ ಕೂರದ ಮರ ಯಾವುದಿದೆ ಹೇಳಿ? ಬಸರಿ ಬಿತ್ತು, ಅತ್ತಿ ಬಿತ್ತು, ನೇರಳೆ ಬಿತ್ತು, ಇಪ್ಪೆ ಬಿತ್ತು. ಬಿದ್ದದ್ದಕ್ಕೆಲ್ಲ ಬೆಂಕಿ. ಬಾವಲಿಗಳು ಮರಿಗಳನ್ನು ಎದೆಗೆ ಅವುಚಿಕೊಂಡು ಹೊಗೆಯೊಳಗೆ ಕಿರುಚುತ್ತಾ ಹಾರಿಹೋದವಂತೆ. ಗುಡ್ಡ ಬೋಳಾಯಿತು. ಮೇಲಿನ ಬಂಡೆಯ ಸಂದಿಯಲ್ಲಿ, ಕೊಡಲಿ ಏರಲಾಗದ ಕಡೆ, ಎಲ್ಲೋ ಕೆಲವು ಇಪ್ಪೆ ಉಳಿದವು, ಅಷ್ಟೇ.

ಮಾರನೆಯ ದಿನ ಕೆಂಪಾಜಮ್ಮನ ಅಂಗಳದಲ್ಲಿ ಒಂದು ಚೂರು ಕಸ ಇರಲಿಲ್ಲ. "ಹಾ! ಈಗ ನೋಡು ಚೆಂದ" ಅಂದಳಂತೆ.

ಚೆಂದ ಎಷ್ಟು ದಿನ? ಹಣ್ಣಿನ ಬಾವಲಿಗಳ ಹಿಂದೆಯೇ ಹುಳ ಹಿಡಿಯೋ ಪುಟ್ಟ ಬಾವಲಿಗಳೂ ಊರು ಬಿಟ್ಟಿದ್ದವು. ಸೊಳ್ಳೆ ಮುತ್ತಿಕೊಂಡಿತು, ರಾಗಿ ತೆನೆಗೆ ಹುಳ ಬಿತ್ತು. ಬಂಡೆ ಮೇಲಿನ ಇಪ್ಪೆ ಹೂವೇನೋ ಬಿಟ್ಟಿತು, ಆದರೆ ಕತ್ತಲಲ್ಲಿ ಬಂದು ಮುಖ ಒಡ್ಡಿ ಹೂವಿನಿಂದ ಹೂವಿಗೆ ಪರಾಗ ಒಯ್ಯುವವರೇ ಇಲ್ಲ, ಕಾಯಿ ಕಚ್ಚಲಿಲ್ಲ. ಮಳೆ ಬಂದರೆ ಮಣ್ಣೆಲ್ಲ ಕೆಳಗೆ. ಚಿಲುಮೆ ತೊಟ್ಟಿಕ್ಕಿ ತೊಟ್ಟಿಕ್ಕಿ ನಿಂತೇಹೋಯಿತು. ಮಾದಯ್ಯನ ಗಾಣ ನಿಂತಿತು. ದೀಪಗಳು ಒಂದೊಂದಾಗಿ ಆರಿದವು. ಕಡೆಗೆ ಅರಮನೆಯಲ್ಲಿ ರಾಜಕುಮಾರಿಯ ತೊಟ್ಟಿಲ ಮುಂದಿನ ದೀಪವೂ ಆರಿತಂತೆ.

ರಾಜ ಕುದುರೆ ಏರಿ ದಡದಡ ಬಂದ. ಬೋಳು ಗುಡ್ಡ ನೋಡಿದ. "ಬಾವಲಿ ಓಡಿಸಿ ಅಂದ್ರೆ ಗುಡ್ಡಾನೇ ಕಳ್ಕೊಂಡು ಕೂತಿದ್ದೀರಲ್ಲ!" ಅಂದ. ಕಡಿಯಿರಿ ಅಂದದ್ದು ನೀವೇ ಅಲ್ಲವೇ ಅಂತ ಕೇಳುವ ಗಂಡು ಆ ಊರಲ್ಲಿ ಹುಟ್ಟಿರಲಿಲ್ಲ. "ಕೇಳಿ. ನನ್ನ ಮಗಳು ಈಗ ತೊಟ್ಟಿಲಲ್ಲಿದ್ದಾಳೆ. ಅವಳು ಕುದುರೆ ಹತ್ತಿ ಬೇಟೆಗೆ ಬರೋ ಹೊತ್ತಿಗೆ ಅವಳ ಕುದುರೆ ಕಟ್ಟೋಕೆ ಈ ಗುಡ್ಡದಲ್ಲಿ ನೆರಳಿರಬೇಕು. ಇಲ್ಲದಿದ್ರೆ ಊರು ಖಾಲಿ. ಗುಡ್ಡ ಕಲ್ಲುಕುಟಿಗರಿಗೆ!"

ರಾಜ ಹೋದ. ಊರೆಲ್ಲ ತಿರುಗಿ ಕೆಂಪಾಜಮ್ಮನ ಮುಖ ನೋಡಿತು. ಅವಳ ಕಂಕುಳಲ್ಲಿ ಮಗಳು ಚೆಲುವಿ, ಆಗಿನ್ನೂ ಹಾಲು ಕುಡಿಯೋ ಕೂಸು. ಕೆಂಪಾಜಮ್ಮನಿಗೆ ಎದೆ ಧಸಕ್ ಅಂದಿತು. ಊರೇ ಇಲ್ಲದಿದ್ದರೆ ನಾಳೆ ಈ ಮಗಳಿಗೆ ತವರೆಲ್ಲಿ? ಬಸುರಿಯಾಗಿ ಬಾಣಂತನಕ್ಕೆ ಯಾವ ಬಾಗಿಲಿಗೆ ಬರುತ್ತಾಳೆ? ನನ್ನ ಬಾಯಿಂದಲೇ ನನ್ನ ಮಗಳ ತವರು ಹಾಳಾಯಿತಲ್ಲ ಅಂತ ಅವಳು ಅವತ್ತೆಲ್ಲ ಅತ್ತಳಂತೆ.

ಅತ್ತು ಕೂರುವ ಹೆಂಗಸಲ್ಲ ಅವಳು. ಊರವರನ್ನು ಎಬ್ಬಿಸಿ, ದೂರದ ಕಾಡಿಂದ ಬೀಜ ತರಿಸಿ, ತೊಳೆದು ಶುದ್ಧ ಮಾಡಿ, ಗುಡ್ಡದ ತುಂಬ ಊರಿಸಿದಳು. ಕೆಲವು ಮೊಳೆಯಲೇ ಇಲ್ಲ, ಮೊಳೆತವು ಬಿಸಿಲಿಗೆ ಸುಟ್ಟವು. ಹೊತ್ತು ತಂದ ನೀರು ಎಷ್ಟಕ್ಕಾದೀತು? ನೆರಳಿಲ್ಲದ ಬಯಲು ಅಂತ ಹಕ್ಕಿಯೂ ಹಾರಿಬರಲಿಲ್ಲ.

"ಬಾವಲಿ ಇದ್ದಾಗ ಯಾರೂ ನೆಡ್ತಿರ್ಲಿಲ್ಲ, ಗುಡ್ಡ ತಾನೇ ತುಂಬಿತ್ತಲ್ಲ" ಅಂದ ಮಾದಯ್ಯ.

ಆ ಮಾತು ಕೆಂಪಾಜಮ್ಮನ ಎದೆಗೆ ನಾಟಿತು. ಬುತ್ತಿ ಕಟ್ಟಿಕೊಂಡು, ಪೊರಕೆಯನ್ನೂ ಹಿಡಿದುಕೊಂಡು ಹೊರಟೇಬಿಟ್ಟಳು. ಪೊರಕೆ ಯಾಕೆ ಅನ್ನುತ್ತೀರಾ? ಮಲಗೋ ಜಾಗ ಗುಡಿಸಬೇಡವೇ! ಕೆರೆ ದಾಟಿದಳು, ಕಣಿವೆ ದಾಟಿದಳು, ಏಳು ಹಳ್ಳ ದಾಟಿದಳು. ಅಲ್ಲೊಂದು ಕಾಡಲ್ಲಿ ಆಲದ ಮರದ ತುಂಬ ಅವಳ ಹಳೆಯ ನೆಂಟರು ನೇತಾಡುತ್ತಿದ್ದರು. ನಡುಕೊಂಬೆಯಲ್ಲಿ ಒಂದು ಮುದಿ ಬಾವಲಿ. ನರಿ ಮೂತಿ, ಹರಿದ ರೆಕ್ಕೆ.

"ಪೊರಕೆ ಕೆಂಪಿ ಅಲ್ವಾ?" ಅಂದಿತು ಬಾವಲಜ್ಜಿ. "ಇಲ್ಲೂ ಗುಡಿಸೋಕೆ ಬಂದ್ಯಾ?"

ಕೆಂಪಾಜಮ್ಮನಿಗೆ ನಾಚಿಕೆ, ದುಃಖ ಎರಡೂ ಉಕ್ಕಿತು. "ತಪ್ಪಾಯ್ತು ಕಣಜ್ಜಿ. ನನ್ನ ಮಗಳ ತವರು ಉಳಿಸ್ಕೊಡು. ವಾಪಸ್ಸು ಬನ್ನಿ" ಅಂತ ಸೆರಗೊಡ್ಡಿದಳು.

ಬಾವಲಜ್ಜಿ ಹರಿದ ರೆಕ್ಕೆ ಮಡಚಿಕೊಂಡಿತು. ಆಮೇಲೆ ಅಂದಿತಂತೆ: "ಬರ್ತೀವಿ. ನಮ್ಮೂರೂ ಅದೇ ಅಲ್ವಾ? ನೇತಾಡೋಕೆ ಗಳ ನೆಡ್ಸು. ಮಾಗಿದ ಹಣ್ಣು ಕಟ್ಸು, ವಾಸನೆ ಹಿಡ್ಕೊಂಡು ಬರ್ತೀವಿ. ಒಂದೇ ಮಾತು ಕೇಳ್ಕೋ. ಮೇಲಿರೋದನ್ನ ಮುಟ್ಟಕೂಡದು. ಕೆಳಗಿರೋದನ್ನ ಏನ್ ಬೇಕಾದ್ರೂ ಮಾಡ್ಕೋ."

ಕೆಂಪಾಜಮ್ಮನಿಗೆ ಕುಣಿಯುವ ಹಾಗಾಯಿತು. ಇಷ್ಟೇನಾ! ಮೇಲೆ ಮುಟ್ಟಕೂಡದು, ಕೆಳಗೆ ಗುಡಿಸಬಹುದು! ತನಗಂತಲೇ ಹೇಳಿಮಾಡಿಸಿದ ಮಾತು! ಓಡಿದಳು ಊರಿಗೆ.

ಊರವರು ಗುಡ್ಡದ ಮೇಲೆಲ್ಲ ಬಿದಿರಿನ ಗಳ ನೆಟ್ಟರು, ಅಡ್ಡ ಗಳ ಕಟ್ಟಿದರು, ದೂರದ ಕಾಡಿಂದ ತಂದ ಮಾಗಿದ ಅತ್ತಿಹಣ್ಣಿನ ಗೊಂಚಲು ತೂಗುಹಾಕಿದರು. ಹೊತ್ತು ಮುಳುಗಿತು. ಎಲ್ಲರೂ ಬಾಯಿ ತೆರೆದು ಆಕಾಶ ನೋಡುತ್ತಾ ನಿಂತರು. ಬಂತು ನೋಡಿ ಒಂದು! ಅದರ ಹಿಂದೆ ಇನ್ನೊಂದು! ಅಗೋ, ಅಗೋ, ಕಣಿವೆ ತುಂಬ ರೆಕ್ಕೆ! ಪಟಪಟ ಪಟಪಟ ಅಂತ ಬಂದು ಗಳಕ್ಕೆ ಜೋತುಬಿದ್ದು ಹಣ್ಣಿಗೆ ಬಾಯಿ ಹಾಕಿದವು. ಊರಿಗೆ ಊರೇ ಕೇಕೆ ಹಾಕಿತಂತೆ.

ಬೆಳಗಾಯಿತು. ಕೆಂಪಾಜಮ್ಮ ಸೆರಗು ಬಿಗಿದಳು. ಗುಡ್ಡ ಹತ್ತಿ, ಗಳದ ಕೆಳಗೆ ಬಿದ್ದ ಎಂಜಲನ್ನೆಲ್ಲ ಸರಸರ ಗುಡಿಸಿ, ಬುಟ್ಟಿಗೆ ತುಂಬಿ ಹಳ್ಳಕ್ಕೆ ಚೆಲ್ಲಿ ಬಂದಳು. ಮೇಲೆ? ಮೇಲೆ ಬೆರಳೂ ಮುಟ್ಟಿಸಲಿಲ್ಲ!

ಹೀಗೇ ದಿನಾ. ಬಾವಲಿ ಬರೋದು, ತಿನ್ನೋದು, ಉಗಿಯೋದು. ಕೆಂಪಾಜಮ್ಮ ಹೋಗೋದು, ಗುಡಿಸೋದು, ಚೆಲ್ಲೋದು. ಗುಡ್ಡ ಮಾತ್ರ ಹಾಗೇ ಬೋಳು. ಉಪ್ಪು ಮಾರುವವನು ಅರಮನೆ ಸುದ್ದಿ ತರುತ್ತಿದ್ದ. "ರಾಜಕುಮಾರಿ ತೊಟ್ಟಿಲಿಂದ ಇಳಿದ್ಲಂತೆ, ಅಂಬೆಗಾಲಿಡ್ತಾಳಂತೆ" ಅಂದ ಒಂದು ಸಲ. ಕೆಂಪಾಜಮ್ಮನ ಎದೆ ಧಸಕ್. ಗುಡ್ಡ ಬೋಳು. "ಮರದ ಕುದುರೆ ಹತ್ತಿದ್ಲಂತೆ" ಅಂದ ಮುಂದಿನ ಸಲ. ಎದೆ ಧಸಕ್. ಗುಡ್ಡ ಬೋಳು. "ನಿಲ್ಲೋ ಅಂದ್ರೂ ಕೇಳ್ದೆ ಟಗರು ಹತ್ತಿದ್ಲಂತೆ ಕಣವ್ವ!" ಅಂತ ನಗುತ್ತಾ ಹೇಳಿದ ಇನ್ನೊಂದು ಸಲ. ಇವಳಿಗೆ ನಗು ಎಲ್ಲಿಂದ ಬರಬೇಕು? ಟಗರಾದ ಮೇಲೆ ಕುದುರೆಯೇ ತಾನೇ!

ಸಿಟ್ಟು ನೆತ್ತಿಗೇರಿ ಗುಡ್ಡಕ್ಕೆ ಹೋಗಿ, "ಅಜ್ಜೀ, ಮಾತು ಕೊಟ್ಟು ಮೋಸ ಮಾಡಿದ್ಯಲ್ಲ!" ಅಂತ ಕೂಗಿದಳು.

"ಮೋಸ ನಿಂದು!" ಅಂತ ಬಾವಲಜ್ಜಿಯೂ ಕೂಗಿತು. "ಮೇಲಿರೋದನ್ನ ಮುಟ್ಟಬೇಡ ಅಂದ್ರೆ ದಿನಾ ಬಂದು ಮೇಲೆಲ್ಲಾ ಗುಡಿಸ್ತೀಯ!"

"ಮೇಲೆ ಗುಡಿಸೋಕೆ ನಾನೇನು ಮೋಡ ಗುಡಿಸ್ತೀನಾ?"

"ಮೋಡ ಯಾರಿಗೆ ಬೇಕು? ಅದು ಕೆಳಗೆ ಅದೆ, ಬೇಕಾದ್ರೆ ಗುಡಿಸ್ಕೋ!"

ಇದಕ್ಕೆ ವಯಸ್ಸಾಗಿ ಬುದ್ಧಿ ಕೆಟ್ಟಿದೆ ಅಂದುಕೊಂಡಳು ಕೆಂಪಾಜಮ್ಮ. ಮಾತಾಡಿ ಏನು ಫಲ ಅಂತ ಹಣ್ಣಿನ ಗೊಂಚಲು ಕಟ್ಟಲು ಏಣಿ ಹತ್ತಿದಳು. ಮುಸ್ಸಂಜೆ ಹೊತ್ತು. ಕಣ್ಣಲ್ಲಿ ನೀರು, ಕಾಲಿನ ಮೇಲೆ ಗಮನವಿಲ್ಲ. ಏಣಿ ಸರಕ್ಕನೆ ಜಾರಿತು! ಅವಳ ಎರಡು ಮಂಡಿಯೂ ಅಡ್ಡಗಳಕ್ಕೆ ಸಿಕ್ಕಿಕೊಂಡು, ತಲೆಕೆಳಗಾಗಿ ನೇತಾಡಿಬಿಟ್ಟಳು! ಕಚ್ಚೆ ಹಾಕಿ ಉಟ್ಟಿದ್ದಳು, ಮಾನ ಉಳಿಯಿತು.

ಪಕ್ಕದಲ್ಲೇ ಬಾವಲಜ್ಜಿ. ಮುಖಕ್ಕೆ ಮುಖ ಎದುರು. "ಬಾ ಕೆಂಪಿ, ಈಗ ಸರಿಯಾಗಿ ನಮ್ಮನೆಗೆ ಬಂದೆ" ಅಂದಿತು.

"ಅಯ್ಯೋ ಅಜ್ಜಿ, ಬಿದ್ದೋಯ್ತೀನಿ!"

"ಕಣ್ ಬಿಟ್ ನೋಡು. ಕೆಳಗೆ ಏನದೆ?"

ಕೆಂಪಾಜಮ್ಮ ಹೆದರಿ ಹೆದರಿ ಕಣ್ಣು ಬಿಟ್ಟಳು. ಕಾಲಿನ ಕೆಳಗೆ ಕೆಂಪಾದ ಮೋಡಗಳು ಹಾಸಿಕೊಂಡಿದ್ದವು. "ಕೆಳಗೆ... ಕೆಳಗೆ ಆಕಾಶ ಅದೆ!"

"ಮೇಲೆ?"

ನೆತ್ತಿಯ ಕಡೆ ನೋಡಿದಳು. ನೆತ್ತಿಯಾಚೆ ಕಲ್ಲು, ಮಣ್ಣು, ತಾನು ಬೆಳಿಗ್ಗೆಯಷ್ಟೇ ಗುಡಿಸಿದ ನೆಲ. "ನೆಲ! ಅಜ್ಜಿ, ನೆಲ ಮೇಲದೆ!"

"ಹೂಂ. ಮತ್ತೆ ನಾನು ಮುಟ್ಟಬೇಡ ಅಂದಿದ್ದು ಯಾವುದನ್ನ?"

ಕೆಂಪಾಜಮ್ಮ ಆ ನೆಲವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅಯ್ಯೋ ಅಂತ ಚೀರಿಕೊಂಡಳಲ್ಲ, ಗುಡ್ಡ ಗುಡುಗಿತಂತೆ! ಇಷ್ಟು ದಿನ ತಾನು ಗುಡಿಸಿ ಹಳ್ಳಕ್ಕೆ ಚೆಲ್ಲಿದ್ದು ಎಂಜಲಲ್ಲ, ಬೀಜ! ಬುಟ್ಟಿ ಬುಟ್ಟಿ ಕಾಡನ್ನೇ ಹೊತ್ತು ನೀರುಪಾಲು ಮಾಡಿದ್ದಳು. ಅವಳಿಗೆ ಅಳು ಬಂತು, ಅಳುವಿನ ನಡುವೆಯೇ ನಗು ಬಂತು. ತಲೆಕೆಳಗಾಗಿದ್ದವಳ ಕಣ್ಣೀರು ಹಣೆಯ ಮೇಲೆ ಹರಿದು ಕೂದಲು ಒದ್ದೆಯಾಯಿತು.

ಊರವರು ಓಡಿಬಂದು ಇಳಿಸಿದರೆ, "ನೆಲ ಮೇಲದೆ ಕಣ್ರೋ! ನೆಲ ಮೇಲದೆ!" ಅಂತ ಕುಣಿಯುತ್ತಿದ್ದಾಳೆ. ತಲೆಗೆ ಪೆಟ್ಟಾಗಿದೆ ಅಂತ ಮಾದಯ್ಯ ಎಣ್ಣೆ ಹುಡುಕಿದ, ಎಣ್ಣೆ ಇರಲಿಲ್ಲ. ಪೊರಕೆಯನ್ನು ಅವಳೇ ಮುರಿದು ಎಸೆದಳು. ಅದನ್ನು ನೋಡಿ ಊರವರಿಗೆ ಇನ್ನೂ ಗಾಬರಿಯಾಯಿತು.

ಮೊದಮೊದಲು ಬಲು ಕಷ್ಟವಾಯಿತು. ಬೆಳಗಾದರೆ ಗುಡ್ಡದ ತುಂಬ ಸಿಪ್ಪೆ, ಬೀಜ, ಹಿಕ್ಕೆ. ಕೈ ನವೆಯಾಗುತ್ತಿತ್ತು ಅವಳಿಗೆ! ಎರಡು ಕೈಯನ್ನೂ ಸೆರಗಿಗೆ ಕಟ್ಟಿಕೊಂಡು ಕೂರುತ್ತಿದ್ದಳಂತೆ. ಆಮೇಲೆ ಮಳೆ ಬಂತು. ಮಳೆ ಬಂದ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡುತ್ತಾಳೆ, ಗಳದ ಬುಡದಲ್ಲಿ ಉಗುರಷ್ಟು ಹಸಿರು. ಬಗ್ಗಿ ನೋಡುತ್ತಾಳೆ, ಇಲ್ಲೊಂದು, ಅಲ್ಲೊಂದು, ಕಾಲಿಡಲು ಜಾಗವಿಲ್ಲ! ಗಳದ ಹತ್ತಿರ ಮಾತ್ರವೇ? ಬಾವಲಿಗಳು ಹಾರುತ್ತಾ ಹಾರುತ್ತಾ ಉದುರಿಸಿದ ಬೀಜ ನಟ್ಟನಡು ಬಯಲಲ್ಲೂ ಮೊಳೆತಿತ್ತು. "ಬನ್ರೋ! ಬನ್ರವ್ವೋ!" ಅಂತ ಅವಳು ಕೂಗಿದ ಕೂಗಿಗೆ ಉಣ್ಣುತ್ತಿದ್ದವರು ಕೈ ತೊಳೆಯದೆ ಓಡಿಬಂದರು. ಎಂಜಲುಗೈ ಅಂತ ಅವತ್ತು ಅವಳು ಬೈಯಲೂ ಇಲ್ಲ.

ಆಮೇಲೆ ಕೇಳಬೇಕೇ! ಬಾವಲಿ ಬಂತು ಅಂತ ಗಿಡ ಬಂತು. ಗಿಡ ಬಂತು ಅಂತ ನೆರಳು ಬಂತು. ನೆರಳು ಬಂತು ಅಂತ ಹಕ್ಕಿ ಬಂತು, ಹಕ್ಕಿ ತನ್ನ ಪಾಲಿನ ಬೀಜ ತಂತು. ಅಳಿಲು ಬಂತು, ಜೇನು ಬಂತು, ಹಣ್ಣಿನಾಸೆಗೆ ಪುನುಗು ಬೆಕ್ಕು ಬಂತು. ಹುಳ ಹಿಡಿಯೋ ಪುಟ್ಟ ಬಾವಲಿಗಳು ಬಂದು ಸೊಳ್ಳೆ ನುಂಗಿದವು, ರಾಗಿ ಉಳಿಯಿತು. ಬಂಡೆ ಮೇಲಿನ ಇಪ್ಪೆ ಕಾಯಿ ಕಚ್ಚಿತು, ಅದರ ಮಕ್ಕಳು ಗುಡ್ಡದ ತುಂಬ ಎದ್ದರು. ಮಣ್ಣು ನೀರು ಹಿಡಿಯಿತು. ಒಂದು ದಿನ ಒಣಗಿದ ಚಿಲುಮೆ ಗುಳುಗುಳು ಅಂತ ಮಾತಾಡಿತು. ಮಾದಯ್ಯ ಗಾಣದ ಜೇಡರಬಲೆ ತೆಗೆದ, ಅರಮನೆಗೂ ಮತ್ತೆ ಎಣ್ಣೆ ಹೋಯಿತು.

ಆ ಹೊತ್ತಿಗೆ ಚೆಲುವಿ ಬೆಳೆದು, ಮದುವೆಯಾಗಿ, ಪಕ್ಕದ ಸೀಮೆಗೆ ಹೋಗಿದ್ದಳು. ಈಗ ಚೊಚ್ಚಲ ಬಸುರಿ, ದಿನ ತುಂಬುತ್ತಾ ಇತ್ತು. ನಾಳೆಯೋ ನಾಡಿದ್ದೋ ಬಾಣಂತನಕ್ಕೆ ಗಾಡಿಯಲ್ಲಿ ಬರುವವಳು. ಅಷ್ಟರಲ್ಲಿ ಉಪ್ಪಿನವನು ಏದುಸಿರು ಬಿಡುತ್ತಾ ಬಂದ. "ಕುದುರೆ ಹತ್ತಿದ್ಲು ಕಣವ್ವ! ರಾಜನೂ ಮಗಳೂ ದಾರೀಲವ್ರೆ!"

ಬಂದೇಬಿಟ್ಟರು. ರಾಜ ಮುದುಕನಾಗಿದ್ದ. ರಾಜಕುಮಾರಿ ಕುದುರೆಯಿಂದ ಧುಮುಕಿ, ಗುಡ್ಡದ ನೆರಳಲ್ಲಿ ಒಂದು ಮರಕ್ಕೆ ಕುದುರೆ ಕಟ್ಟಿದಳು. ಕಟ್ಟಿದ್ದೇ ತಡ ಊರವರೆಲ್ಲ ಉಸಿರುಬಿಟ್ಟರು. ಆ ಮರದ ಕೆಳಗೇ ಎಲೆ ಹಾಕಿದರು. ರಾಜ ಪೇಟ ತೆಗೆದು ಪಕ್ಕಕ್ಕಿಟ್ಟ. ಹೊತ್ತು ಮುಳುಗುತ್ತಾ ಇತ್ತು. ಕೆಂಪಾಜಮ್ಮ ತುಪ್ಪ ಬಡಿಸಲು ಬಗ್ಗಿದಳು. ಮೇಲಿಂದ ಪಚಕ್!

ಅದೇ ತಲೆ! ಅದೇ ಜಾಗ!

ರಾಜ ತಲೆ ಮುಟ್ಟಿ, ಬೆರಳು ನೋಡಿ, "ಏನಿದು?" ಅಂದ.

ಊರವರು ಕೆಂಪಾಜಮ್ಮನ ಕಡೆ ನೋಡಿ ಕಣ್ಣಲ್ಲೇ ಬೇಡಿದರು. ಹೂವು ಅನ್ನವ್ವ, ಹೂವು ಅನ್ನು! ಕೆಂಪಾಜಮ್ಮ ತುಪ್ಪದ ಮಿಳ್ಳೆ ಕೆಳಗಿಟ್ಟಳು. ಮಗಳ ಗಾಡಿ ದಾರಿಯಲ್ಲಿದೆ. ಒಂದು ಮಾತು ತಪ್ಪಿದರೆ ತವರಿಲ್ಲ. ಆದರೆ ಸುಳ್ಳು ಹೇಳಿದರೆ ನಾಳೆ ಇನ್ನೊಂದು ಹಣ್ಣು ಬೀಳುತ್ತದೆ, ನಾಡಿದ್ದು ಮತ್ತೆ ಕೊಡಲಿ ಬರುತ್ತದೆ.

"ಬಾವಲಿ ಎಂಜಲು, ಬುದ್ಧಿ" ಅಂದಳು. "ನಿಮ್ಮ ತಲೆ ಮೇಲಿರೋದೂ ಎಂಜಲೇ, ಕೂತಿರೋ ನೆರಳೂ ಎಂಜಲೇ, ತಾಯವ್ರು ಕುದುರೆ ಕಟ್ಟಿರೋ ಮರಾನೂ ಎಂಜಲೇ. ಅರಮನೆ ದೀಪ ಉರೀತಿರೋದೂ ಅದೇ ಎಂಜಲಲ್ಲಿ. ನಾನು ಶುದ್ಧ ಮಾಡಿದ್ದೆಲ್ಲ ಸತ್ತೋಯ್ತು ಬುದ್ಧಿ, ಇವು ಎಂಜಲು ಮಾಡಿದ್ದೆಲ್ಲ ಬದುಕ್ತು. ನಿಮಗೂ ಮಗಳವ್ಳೆ, ನನಗೂ ಮಗಳವ್ಳೆ. ಬಾಣಂತನಕ್ಕೆ ಬರ್ತಾವ್ಳೆ. ತವರು ಕಿತ್ಕೋಬೇಡಿ."

ರಾಜನ ಮುಖ ಕೆಂಪಾಯಿತು. "ನೆಲದ ಮೇಲೆ ಉಗಿದದ್ದು ಕಾಡಾಯ್ತು ಅಂತೀಯ?"

"ಅದು ಈ ಕಡೆಯಿಂದ ಕಾಣಲ್ಲ ಬುದ್ಧಿ. ತಲೆ ಕೆಳಗೆ ಮಾಡಿ ನೋಡ್ಬೇಕು."

ರಾಜನಿಗೆ ಹೀಗೆ ಯಾರಾದರೂ ಹೇಳುತ್ತಾರೆಯೇ! ಭಟರ ಕೈ ಕತ್ತಿಗೆ ಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿ ಕಿಲಕಿಲ ನಗು. ಟಗರು ಹತ್ತಿದವಳು ಸುಮ್ಮನಿರುತ್ತಾಳೆಯೇ? ರಾಜಕುಮಾರಿ ಕೊಂಬೆಗೆ ಮಂಡಿ ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತಿದ್ದಳು! "ಅಪ್ಪಾಜಿ, ನೆಲ ಮೇಲಿದೆ! ಅಬ್ಬಾ, ಎಷ್ಟೊಂದು ಪುಟ್ಟ ಗಿಡ, ಎಲ್ಲಾ ನನ್ನ ಕಡೆಗೇ ಇಳೀತಾ ಇವೆ! ನೀವೂ ನೋಡಿ!"

ಮಗಳು ಕರೆದರೆ ರಾಜನಾದರೇನು, ಮಾಡಲೇಬೇಕು. ಸೊಂಟ ಹಿಡಿದುಕೊಂಡು ಎದ್ದು, ಕಾಲು ಅಗಲಿಸಿ, ಬಗ್ಗಿ, ಕಾಲ ಸಂದಿಯಿಂದ ಗುಡ್ಡ ನೋಡಿದ. ನೋಡಿದವನು ಏಳಲೇ ಇಲ್ಲ. ತಾನು ಕಡಿಸಿದ ಮರಗಳ ಬುಡಗಳೂ ಕಂಡವು, ಅವುಗಳ ಸುತ್ತ ಎದ್ದು ನಿಂತ ಮರಿಗಳೂ ಕಂಡವು. ಎದ್ದಾಗ ಮುದುಕನ ಕಣ್ಣು ಒದ್ದೆಯಾಗಿತ್ತಂತೆ. ತಲೆಯ ಮೇಲಿನ ಸಿಪ್ಪೆಯಿಂದ ಬೀಜ ಬಿಡಿಸಿ, ಬೆರಳಿಂದ ಮಣ್ಣು ಕೆದಕಿ ತಾನೇ ಊರಿದ. "ಈ ಊರು ಇಲ್ಲೇ ಇರಲಿ. ಈ ಗುಡ್ಡಕ್ಕೆ ಕೊಡಲಿ ತಂದವನ ಕೈ ನನ್ನದಾದ್ರೂ ಹಿಡೀರಿ" ಅಂದ.

ಅವತ್ತಿನ ಕೇಕೆ ಮುಗಿಯುವಷ್ಟರಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು. ಚೆಲುವಿ ತವರಿಗೆ ಬಂದಳು. ಮನೆಯಲ್ಲಿ ಇಪ್ಪೆ ಎಣ್ಣೆ ದೀಪ ಹಚ್ಚಿದರು. ಆ ದೀಪದ ಬೆಳಕಿನಲ್ಲೇ ಹೆಣ್ಣುಕೂಸು ಹುಟ್ಟಿತು.

ಆ ಕೂಸು ಅಂಬೆಗಾಲಿಡುವಾಗ ಒಮ್ಮೆ ತಾಯಿಯ ಜೊತೆ ಅಜ್ಜಿ ಮನೆಗೆ ಬಂತು. ಅಂಗಳದಲ್ಲಿ ಬಿದ್ದಿದ್ದ, ಬಾವಲಿ ಕಚ್ಚಿದ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒಯ್ಯಿತಂತೆ. ಕೆಂಪಾಜಮ್ಮ ಓಡಿಬಂದು ಕೈ ಹಿಡಿದಳು. ಎಂಜಲು ಅಂತ ಕಿರುಚುತ್ತಾಳೆ ಅಂತ ಚೆಲುವಿ ಕಿವಿ ಮುಚ್ಚಿಕೊಂಡಳು. ಆದರೆ ಕೆಂಪಾಜಮ್ಮ ಮೆಲ್ಲಗೆ ಅಂದಳು: "ಬಾಯಿಗಲ್ಲ ಕಂದ, ಅದು ಗುಡ್ಡದ ಪಾಲು. ಮೇಲಕ್ಕೆ ಕೊಡು." ಮೊಮ್ಮಗಳ ಪುಟ್ಟ ಕೈಯನ್ನು ಹಿಡಿದು, ಆ ಹಣ್ಣನ್ನು ಮಣ್ಣಿಗೆ ಒತ್ತಿಸಿದಳಂತೆ.

ಇವತ್ತಿಗೂ ಇಪ್ಪೆಹಟ್ಟಿಯಲ್ಲಿ ಮಗಳು ತವರಿಗೆ ಬಂದರೆ ಅಂಗಳದ ಒಂದು ಮೂಲೆಯನ್ನು ಗುಡಿಸದೆ ಬಿಡುತ್ತಾರಂತೆ. ಅವರು ಅಲ್ಲಿ ಗುಡ್ಡದ ನೆರಳಲ್ಲಿ ತಣ್ಣಗೆ, ನಾವು ಇಲ್ಲಿ ಕತೆಯ ನೆರಳಲ್ಲಿ ಬೆಚ್ಚಗೆ. ನಾನು ಕೇಳಿದ್ದು ಇಷ್ಟು, ಉಗಿದದ್ದೂ ಇಷ್ಟು, ಮೊಳೆಸೋದು ನಿಮ್ಮ ಪಾಲು.